ಮಣ್ಣಿನೊಳಗಿನ ಬಿಳಿ ಹಕ್ಕಳೆ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ತೆಂಗಿನ ಸಸಿಗೆ ಗುಂಡಿ ತೋಡುವವರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಮೊದಲ ಒಂದೂವರೆ ಅಡಿ ಗುದ್ದಲಿ ಸಲೀಸಾಗಿ ಇಳಿಯುತ್ತದೆ. ಆಮೇಲೆ ‘ಖಣ್’. ಕೆಂಪು ಮಣ್ಣಿನಲ್ಲಿ ಕಡಲೆಕಾಯಿ ಗಾತ್ರದ ಬಿಳಿ ಹರಳುಗಳು ಕಾಣಿಸಿಕೊಳ್ಳುತ್ತವೆ. ಇನ್ನೂ ಕೆಳಗೆ ಅವೇ ಒಂದಕ್ಕೊಂದು ಅಂಟಿ ಹಾಸುಗಲ್ಲಿನಂತೆ ಕೂತಿರುತ್ತವೆ. ಅಲ್ಲಿಂದ ಮುಂದೆ ಹಾರೆಯ ಕೆಲಸ. ಊರಿನವರಿಗೆ ಅದು ಸುಣ್ಣಕಲ್ಲು, ಎಂಜಿನಿಯರುಗಳಿಗೆ ಕಂಕರ್. ಭೂವಿಜ್ಞಾನಿಗಳು ‘ಕ್ಯಾಲ್‌ಕ್ರೀಟ್’ ಅನ್ನುತ್ತಾರೆ. ಲ್ಯಾಂಪ್ಲೂ ಎಂಬ ಬ್ರಿಟಿಷ್ ಭೂವಿಜ್ಞಾನಿ 1902ರಲ್ಲಿ ಇಟ್ಟ ಹೆಸರದು. ನನಗೆ ಸುಣ್ಣಕಲ್ಲೇ ಸಾಕು.

ಒಂದು ಹರಳನ್ನು ಒಡೆದು ನೋಡಿ. ಈರುಳ್ಳಿಯಂತೆ ಪದರ ಪದರ. ನಡುವೆ ಒಂದು ಮರಳಿನ ಕಾಳು, ಇಲ್ಲವೇ ಯಾವುದೋ ಕಾಲದ ಬೇರು ಕೊಳೆತುಹೋಗಿ ಉಳಿದ ಕೂದಲೆಳೆಯಷ್ಟು ತೂತು. ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯೇಳುತ್ತದೆ. ಎಷ್ಟೋ ಸಾವಿರ ವರ್ಷದಿಂದ ಕಲ್ಲಿನಲ್ಲಿ ಸೆರೆಯಾಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುವ ಪರಿ ಅದು.

ಅದು ಒಳಸೇರಿದ್ದು ಮಳೆಯ ದಾರಿಯಲ್ಲಿ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಉಸಿರನ್ನು ಹೀರಿಕೊಂಡ ನೀರು ತುಸು ಹುಳಿಯಾಗುತ್ತದೆ. ಆ ಹುಳಿ ಬಂಡೆಯ ಚೂರುಗಳಿಂದ ಸುಣ್ಣದ ಅಂಶವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಮಲೆನಾಡಾಗಿದ್ದರೆ ಅದು ಹಳ್ಳ ಸೇರಿ, ಹೊಳೆ ಸೇರಿ, ಕಡಲು ಮುಟ್ಟುತ್ತಿತ್ತು. ಹೊಸದುರ್ಗದ ಸೀಮೆಗೆ ಬೀಳುವುದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಬಿಸಿಲು ಹೀರಬಲ್ಲದ್ದು ಅದರ ಎರಡು ಪಟ್ಟಿಗೂ ಹೆಚ್ಚು. ನೀರು ಎರಡು ಮೂರು ಅಡಿ ಇಳಿಯುವಷ್ಟರಲ್ಲಿ ಬೇರು ಕುಡಿಯುತ್ತದೆ, ಬಿಸಿಲು ಎಳೆದುಕೊಳ್ಳುತ್ತದೆ. ಸುಣ್ಣ ಅಲ್ಲೇ ಉಳಿಯುತ್ತದೆ. ಮುಂದಿನ ಮುಂಗಾರಿಗೆ ಅದರ ಮೇಲೆ ಇನ್ನೊಂದು ಪೊರೆ. ಹರಳು ಬೆಳೆದು, ಹರಳಿಗೆ ಹರಳು ಕೂಡಿ, ಕೊನೆಗೆ ನೀರೇ ಇಳಿಯಲಾಗದಷ್ಟು ಗಟ್ಟಿಯಾಗುತ್ತದೆ. ಸುಣ್ಣದ ಪದರ ಇರುವ ಆಳ ಅಂದರೆ ಹೆಚ್ಚುಕಡಿಮೆ ಮಳೆ ಸೋತ ಆಳ.

ಮೇಲಿನ ಮಣ್ಣು ಕೊಚ್ಚಿಹೋದಾಗ ಈ ಪದರ ಬಯಲಿಗೆ ಬಿದ್ದು ಇನ್ನಷ್ಟು ಗಡುಸಾಗುತ್ತದೆ. ಅದು ಹೊದಿಸಿದಷ್ಟು ಜಾಗ ದಿಬ್ಬವಾಗಿ ಉಳಿಯುತ್ತದೆ, ಸುತ್ತಲ ನೆಲ ತಗ್ಗುತ್ತದೆ. ಹಳ್ಳದ ದಂಡೆಯಲ್ಲಿ ನಿಂತರೆ ಕಾಣುತ್ತದೆ: ಮೇಲೆ ಸೂರಿನ ಹಾಗೆ ಚಾಚಿದ ಬಿಳಿ ಪದರ, ಕೆಳಗೆ ನೀರು ಕೊರೆದ ಮೆದು ಮಣ್ಣು. ಒಂದು ದಿನ ಸೂರಿನ ತುಂಡು ಕಳಚಿ ಬೀಳುತ್ತದೆ, ದಂಡೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕಲಹರಿ ಮರುಭೂಮಿಯಲ್ಲಿ ಇದೇ ಕೆಲಸ ಮೈಲಿಗಟ್ಟಲೆ ನಡೆದಿದೆ. ನಮ್ಮಲ್ಲಿ ಹೊಲದ ಬದುವಿನ ಅಳತೆಯಲ್ಲಿ.

ತಗ್ಗಿನ ಹಕ್ಕಳೆಯೇ ಬೇರೆ. ಸುಣ್ಣಕ್ಕಿಂತ ಬೇಗ ಕರಗುವ ಸೋಡಾ ನೀರಿನೊಂದಿಗೆ ಕೆರೆಯಂಗಳಕ್ಕೆ ಹರಿದು, ಬೇಸಿಗೆಯಲ್ಲಿ ಮಣ್ಣಿನ ಸಂದುಗಳಲ್ಲಿ ಮೇಲೇರಿ ಬಿಳಿ ಪುಡಿಯಾಗಿ ಕೂರುತ್ತದೆ. ಇದೇ ಸೌಳು. ಅಗಸರು ಬಟ್ಟೆಗೆ ಬಳಸುತ್ತಿದ್ದ ಸೌಳು ಮಣ್ಣು ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯಾಯಿತು. 1801ರಲ್ಲಿ ಈ ಸೀಮೆ ಹಾದುಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್, ಸೌಳನ್ನೂ ಬಿಳಿ ಬೆಣಚುಕಲ್ಲಿನ ಪುಡಿಯನ್ನೂ ಕುಲುಮೆಯಲ್ಲಿ ಕರಗಿಸಿ ಗಾಜಿನ ಬಳೆ ಮಾಡುವುದನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ ಮಲಬಾರಿನ ಅಂಗಾಡಿಪುರಂನಲ್ಲಿ ಆತ ಕಂಡ ಕೆಂಪು ಕಲ್ಲು, ನಮ್ಮ ಜಂಬಿಟ್ಟಿಗೆ, 1807ರ ಅವನ ಪುಸ್ತಕದಿಂದ ‘ಲ್ಯಾಟರೈಟ್’ ಆಗಿ ಲೋಕಕ್ಕೆ ಪರಿಚಯವಾಯಿತು. ಅದೂ ನೆಲ ಕಟ್ಟಿಕೊಂಡ ಹಕ್ಕಳೆಯೇ. ಮಳೆ ಹೆಚ್ಚಿ ಸುಣ್ಣವೆಲ್ಲ ತೊಳೆದುಹೋದಲ್ಲಿ ಕಬ್ಬಿಣ, ಅಲ್ಯುಮಿನಿಯಂ ಉಳಿದು ಗಟ್ಟಿಯಾದದ್ದು. ಒಂದೇ ಪಯಣದಲ್ಲಿ ಅವನು ಎರಡೂ ತುದಿ ನೋಡಿದ.

ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟು, ಮರಳಿನೊಂದಿಗೆ ಗಾಣದಲ್ಲಿ ಅರೆದರೆ ಗಾರೆ. ಪಕ್ಕದ ಹಿರಿಯೂರಿನಲ್ಲಿ 1898ರಿಂದ 1907ರವರೆಗೆ ವೇದಾವತಿ ಹೊಳೆಗೆ ಅಡ್ಡ ಕಟ್ಟಿದ ಮಾರಿಕಣಿವೆ ಅಣೆಕಟ್ಟೆಯಲ್ಲೂ ಸಿಮೆಂಟಿಲ್ಲ. ಕಲ್ಲುಗಳನ್ನು ಹಿಡಿದಿರುವುದು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ. 1933ರಲ್ಲಿ ಕೋಡಿ ಬಿದ್ದ ಆ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಸೀಮೆಯ ಮಳೆ ಎಂಥದ್ದೆಂದು ಹೇಳಲು ಇಷ್ಟು ಸಾಕು.

ರೈತರಿಗೆ ಈ ಬಿಳುಪು ಅಷ್ಟು ಹಿತವಲ್ಲ. ಸುಣ್ಣ ಹೆಚ್ಚಿದ ಹೊಲದಲ್ಲಿ ಕಬ್ಬಿಣದಂಶ ಮಣ್ಣಲ್ಲಿದ್ದೂ ಬೇರಿಗೆ ದಕ್ಕದೆ ಕಡಲೆಕಾಯಿ ಗಿಡದ ಎಳೆ ಎಲೆ ಹಳದಿಯಾಗುತ್ತದೆ. ಈಗ ಕೊಳವೆಬಾವಿಯ ಗಡಸು ನೀರಿನ ಜೊತೆ ಸುಣ್ಣವೇ ತೋಟಕ್ಕೆ ಬರುತ್ತಿದೆ. ದಾಳಿಂಬೆ ಬುಡದ ಡ್ರಿಪ್ ಪೈಪನ್ನು ಎತ್ತಿ ನೋಡಿದರೆ, ಹನಿ ಬೀಳುವ ತೂತಿನ ಸುತ್ತ ಬಿಳಿಯ ಉಂಗುರ. ಹನಿ ಆರುತ್ತದೆ, ಸುಣ್ಣ ಉಳಿಯುತ್ತದೆ, ತೂತು ಕಿರಿದಾಗುತ್ತದೆ. ತೋಟದವರು ಪೈಪಿಗೆ ಆಸಿಡ್ ಬಿಟ್ಟು ತೊಳೆಯುತ್ತಾರೆ, ಒಳಗೆ ಸಣ್ಣಗೆ ನೊರೆಯೇಳುತ್ತದೆ.