ಬಸ್ಸು ಹೊರಡುವ ಮುನ್ನ ಗಿರಮಿಟ್

ಹುಬ್ಬಳ್ಳಿಗೆ ನೀರೊದಗಿಸುವ ನೀರಸಾಗರದ ನೆರೆಯ ದುಮ್ಮವಾಡದಂಥ ಗ್ರಾಮದಲ್ಲಿ ಫಳಾರದ ಅಂಗಡಿಯಿಟ್ಟವನಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದು ಅಪರೂಪ. ಕಲಘಟಗಿಯ ಕಡೆಯಿಂದಲೋ ಧಾರವಾಡದ ಕಡೆಯಿಂದಲೋ ಬಸ್ಸೊಂದು ಬಂದು ನಿಂತೊಡನೆ ಹತ್ತಾರು ಮಂದಿ ಏಕಕಾಲಕ್ಕೆ ಇಳಿದು, ಏಕಕಾಲಕ್ಕೆ ಹಸಿದು, ಕಂಡಕ್ಟರನು ಸೀಟಿ ಊದುವಷ್ಟರಲ್ಲಿ ಪೊಟ್ಟಣವು ತಮ್ಮ ಕೈಸೇರಬೇಕೆಂದು ಅಪೇಕ್ಷಿಸುತ್ತಾರೆ. ಬಸ್ಸು ಹೋದ ತರುವಾಯ ಅಂಗಡಿಯವನಿಗೆ ಬೇಕಾದಷ್ಟು ಪುರಸೊತ್ತು. ಕಾಯುವಿಕೆಯ ಗಣಿತಕ್ಕೆ ಅಡಿಗಲ್ಲನ್ನಿಟ್ಟವನು ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯ ಎರ್ಲಾಂಗ್. ಕರೆಗಳ ಆಗಮನವನ್ನು ಕುರಿತ ಅವನ ಪ್ರಬಂಧವು 1909ರದು. ಆದರೆ ಅವನ ಕರೆಗಳು ಒಂದನ್ನೊಂದು ಅರಿಯದೆ ಬರುವಂಥವು. ನಮ್ಮ ಗಿರಾಕಿಗಳನ್ನಾದರೋ ಒಂದೇ ಬಸ್ಸು ಇಳಿಸುತ್ತದೆ.

ಈ ನೂಕುನುಗ್ಗಲಿಗೆ ಧಾರವಾಡ ಸೀಮೆಯ ಪಾಕಶಾಲೆಯು ಕಂಡುಕೊಂಡ ಉತ್ತರವೇ ಗಿರಮಿಟ್. ಹೆಚ್ಚಿದ ಉಳ್ಳಾಗಡ್ಡಿಯನ್ನು ಹಸಿಮೆಣಸಿನಕಾಯಿಯೊಡನೆ ಒಗ್ಗರಣೆಯಲ್ಲಿ ಬಾಡಿಸಿ, ಅರಿಸಿನ ಹಾಕಿ, ಹುಣಸೆರಸವನ್ನೂ ಬೆಲ್ಲವನ್ನೂ ಕೂಡಿಸಿ ಕುದಿಸುವ ಗೊಜ್ಜು ನಿಧಾನದ ಕೆಲಸ; ಆದುದರಿಂದಲೇ ಅದು ನಸುಕಿನಲ್ಲಿ ಮುಗಿದಿರುತ್ತದೆ. ಗಿರಾಕಿಯು ಬಂದ ಮೇಲೆ ಉಳಿಯುವುದು ಚುರಮರಿಗೆ ಆ ಗೊಜ್ಜನ್ನೂ ಪುಠಾಣಿ ಹಿಟ್ಟನ್ನೂ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತಂಬರಿ, ಸೇವು ಉದುರಿಸುವುದಷ್ಟೆ. ಈ ಕಡೆಯ ಕೆಲಸವನ್ನು ಮಾತ್ರ ಮುಂಚೆ ಮಾಡಲಾಗದು, ಕಲಸಿಟ್ಟ ಚುರಮರಿಯು ಮೆತ್ತಗಾಗಿ ಕೆಟ್ಟುಹೋಗುತ್ತದೆ. ಕೈಯ ಚುರುಕುತನವನ್ನು ನಾವು ಹೊಗಳುತ್ತೇವೆ. ನಿಜವಾದ ಜಾಣ್ಮೆಯಿರುವುದು ಯಾವುದನ್ನು ಮೊದಲೇ ಮುಗಿಸಬಹುದು, ಯಾವುದನ್ನು ಮುಗಿಸಕೂಡದು ಎಂಬ ವಿವೇಚನೆಯಲ್ಲಿ. ಖಾನಾವಳಿಯ ಖಡಕ್ ರೊಟ್ಟಿಯೂ ಇದೇ ವಂಶದ್ದು: ಬಡಿದು, ಸುಟ್ಟು, ಒಣಗಿಸಿ ಅಟ್ಟಿಯಿಟ್ಟರೆ ಬಹುದಿನ ಬಾಳುತ್ತದೆ, ಬಿಸಿ ರೊಟ್ಟಿಯೇ ಬೇಕೆನ್ನುವವನು ಹಂಚಿನ ಸರತಿಯನ್ನು ಕಾಯತಕ್ಕದ್ದು.

ಇದೇ ವಿಚಾರವನ್ನು ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ ಮ್ಯಾಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಶಾಸ್ತ್ರೋಕ್ತವಾಗಿ ಅಳವಡಿಸಿದರು: ನಡೆಯುತ್ತಿದ್ದ ಅಂಗಡಿಯನ್ನೇ ಕೆಲಕಾಲ ಮುಚ್ಚಿ, ತಿನಿಸುಗಳ ಪಟ್ಟಿಯನ್ನು ಮೊಟಕುಗೊಳಿಸಿ, ಒಲೆಯ ಮುಂದಿನ ಒಬ್ಬೊಬ್ಬನಿಗೆ ಒಂದೊಂದೇ ಕೆಲಸವನ್ನು ಹಂಚಿದರು. ಕರ್ನಾಟಕದಲ್ಲಿ 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಆರಂಭಿಸಿದ ಕೆಫೆ ದರ್ಶಿನಿಯಿಂದ ಹಬ್ಬಿದ ಪದ್ಧತಿಯು ಇನ್ನೊಂದು ದಿಕ್ಕಿನಿಂದ ಕಾಲವನ್ನು ಉಳಿಸಿತು. ಮೊದಲು ಹಣ, ಬಳಿಕ ಚೀಟಿ, ಆಮೇಲೆ ತಿಂಡಿ. ನಿಂತು ತಿನ್ನುವವನು ಹರಟೆಗೆ ಕೂರಲಾರನು, ಆದುದರಿಂದ ಸ್ಥಳವು ತಾನಾಗಿ ತೆರವಾಗುತ್ತದೆ. ಬಿಲ್ಲಿಗಾಗಿ ಮಾಣಿಯ ಮುಖವನ್ನೇ ನಿರೀಕ್ಷಿಸುತ್ತ ಕುಳಿತಿರುವ ಆ ಹಳೆಯ ಶಿಕ್ಷೆಯೂ ತಪ್ಪಿತು, ಹರಟೆಯೂ ತಪ್ಪಿತು. ಎರಡನೆಯದಕ್ಕಾಗಿ ನನಗೆ ಕಿಂಚಿತ್ ವ್ಯಸನವುಂಟು.

ಎಲ್ಲ ಸಾಲುಗಳಿಗೂ ಇದು ಮದ್ದಲ್ಲ. ಧಾರವಾಡದ ಲೈನ್ ಬಜಾರಿನಲ್ಲಿ ಠಾಕೂರರ ಪೇಢೆಗೆ ಜನ ಸಾಲುಗಟ್ಟುವುದು ತೂಗುವವನ ಕೈ ನಿಧಾನವೆಂದಲ್ಲ, ಮಾಡಿದ್ದೇ ಮಿತವೆಂದು. ಅಲ್ಲಿ ತಕ್ಕಡಿ ಎರಡಾದರೆ ಪೇಢೆ ಬೇಗ ತೀರೀತು, ಅಷ್ಟೆ.

ಗಿರಮಿಟ್‌ನ ಸಂಗಾತಿಯಾದ ಮಿರ್ಚಿಯ ವಿಷಯದಲ್ಲಿ ವಿವಾದವಿದೆ. ಬಸ್ಸು ಬರುವ ಮುನ್ನವೇ ಅರೆ ಕರಿದಿಟ್ಟು, ಬಂದೊಡನೆ ಪುನಃ ಎಣ್ಣೆಗೆ ಬಿಡುವ ಉಪಾಯವನ್ನು ಕೆಲವರು ಅನುಸರಿಸುತ್ತಾರೆ. ಕಾಲವೇನೋ ಉಳಿಯುತ್ತದೆ, ಆದರೆ ಎರಡು ಬಾರಿ ಮುಳುಗಿದ ಮಿರ್ಚಿಯು ಎಣ್ಣೆಯನ್ನು ಕುಡಿದು ಭಾರವಾಗುತ್ತದೆ. ಗಿರಮಿಟ್ ಕಟ್ಟಿಸಿಕೊಂಡವನು ಬಸ್ಸು ಹತ್ತಲಿ. ಮಿರ್ಚಿ ಬೇಕೆಂಬವನು ಮುಂದಿನ ಬಸ್ಸಿಗೆ ಹೋಗಲಿ.