ಹೊಸ ತರಕಾರಿ: ಕಡ್ಡಿ ತರುವಾಗ ಅಡುಗೆಯನ್ನೂ ಕೇಳಿ ತನ್ನಿ

ಶಿಕ್ಷಕ ಮಿತ್ರರೇ, ಮಳೆ ಹಿಡಿದ ಸ್ವಲ್ಪ ದಿನಕ್ಕೆ ಮಾಪುಸಾ, ಮಡಗಾಂವ್ ಮಾರುಕಟ್ಟೆಗೆ ‘ತಾಯ್ಕಿಳೊ’ ಸೊಪ್ಪು ಬರುತ್ತದೆ. ಬಾಗಲಕೋಟೆ, ಗದಗ ಕಡೆಯ ನಮ್ಮ ಮಕ್ಕಳಿಗೆ ತೋರಿಸಿದರೆ, “ಸರ್, ಇದು ತಗಚಿ ಕಸ ಅಲ್ರೀ?” ಅಂತಾರೆ. ಹೌದು, ಅದೇ ಸೆನ್ನಾ ಟೋರಾ. ಗೋವಾದವರು ಇದಕ್ಕೆ ಹಲಸಿನ ಬೀಜ, ತೆಂಗಿನತುರಿ ಹಾಕಿ ಪಲ್ಯ ಮಾಡ್ತಾರೆ. ತುಳುನಾಡಿನಲ್ಲಿ ಇದೇ ತಜಂಕ್. ಆದರೆ ಅವರು ಕೀಳುವುದು ಮಳೆಗಾಲದ ಎಳೆ ಎಲೆ ಮಾತ್ರ. ಯಾವ ಭಾಗ, ಯಾವಾಗ, ಹೇಗೆ ಎನ್ನುವ ತಿಳಿವಳಿಕೆ ಅಲ್ಲಿ ಗಿಡದ ಜೊತೆಗೇ ಇದೆ.

ದೂರದಿಂದ ಬರುವ ಗಿಡಕ್ಕೆ ಈ ತಿಳಿವಳಿಕೆ ಅಂಟಿಕೊಂಡು ಬರುವುದಿಲ್ಲ. ನನಗೆ ಪರಿಚಯದವರೊಬ್ಬರು ‘ಚಾಯಾ’ ಕಡ್ಡಿ ಕೊಟ್ಟು, “ಪಾಲಕ್ ಥರಾನೇ” ಅಂದರು. ನಾನು ಹಸಿ ಚಟ್ನಿ ಮಾಡಲು ಹೊರಟಿದ್ದೆ. ಗಿಡದ ಕುಟುಂಬ ನೋಡಿದ ಮೇಲೆ ನಿಲ್ಲಿಸಿದೆ.

ಚಾಯಾ ಮೆಕ್ಸಿಕೋದ ಯುಕಟಾನ್ ಕಡೆಯದು. ಹರಳು, ಮರಗೆಣಸಿನ ಕುಟುಂಬಕ್ಕೆ ಸೇರಿದೆ. ಎಲೆಯಲ್ಲಿ ಪ್ರೋಟೀನ್, ಕಬ್ಬಿಣ ಚೆನ್ನಾಗಿವೆ. ಆದರೆ ಹಸಿ ಎಲೆಯಲ್ಲಿ ಸಯನೈಡ್ ಬಿಡುವ ಗ್ಲೈಕೋಸೈಡ್‌ಗಳೂ ಇವೆ. ಎಲೆ ಜಜ್ಜಿದಾಗ ಕಿಣ್ವವೊಂದು ಅವನ್ನು ಒಡೆದು, ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಇದರ ಕುದಿಬಿಂದು ಸುಮಾರು 26 ಡಿಗ್ರಿ ಸೆಲ್ಸಿಯಸ್ ಮಾತ್ರ. ಹಾಗಾಗಿ ಮುಚ್ಚಳ ತೆಗೆದು, ಕಿಟಕಿ ತೆರೆದು, 20 ನಿಮಿಷ ಕುದಿಸಿದರೆ ಆವಿಯಾಗಿ ಹೋಗುತ್ತದೆ. ಆಮೇಲೆ ಸೊಪ್ಪು ತಿನ್ನಲು ಯೋಗ್ಯ.

ಇನ್ನು ನಮ್ಮ ಅನೇಕ ಅಂಗಳಗಳಲ್ಲಿರುವ ಚಕ್ರಮುನಿ, ಅಂದರೆ ‘ವಿಟಮಿನ್ ಸೊಪ್ಪು’. ಮಲೇಷ್ಯಾದಲ್ಲಿ ಇದನ್ನು ಬೇಯಿಸಿ, ಹುರಿದು ತಿನ್ನುತ್ತಾರೆ. 1994–95ರ ಸುಮಾರಿಗೆ ತೈವಾನ್‌ನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದರು. 200ಕ್ಕೂ ಹೆಚ್ಚು ಜನರ ಶ್ವಾಸಕೋಶದ ಸಣ್ಣ ನಾಳಗಳು ಹಾಳಾದವು, ಕೆಲವರು ಸತ್ತರು. ಗಿಡ ಅದೇ. ಬದಲಾದದ್ದು ತಿನ್ನುವ ರೀತಿ ಮತ್ತು ಪ್ರಮಾಣ. “ಹಸಿಯಾಗಿ ತಿಂದರೆ ಸತ್ವ ಜಾಸ್ತಿ” ಎಂಬ ಮೊಬೈಲ್ ಸಂದೇಶ ಬಂದಾಗ ಮಕ್ಕಳಿಗೆ ಈ ಕಥೆ ಹೇಳಿ.

ಹಾಗಂತ ಹೊಸದು ನೆಡಬೇಡಿ ಅಂತಲ್ಲ. ಮೆಣಸಿನಕಾಯಿ, ಬಟಾಟೆ ಕೂಡ ಒಂದು ಕಾಲಕ್ಕೆ ಹಡಗಿನಲ್ಲಿ ಬಂದ ಅಪರಿಚಿತರೇ. ನೆಡುವ ಮುನ್ನ ನಾಲ್ಕು ಕೆಲಸ ಮಾಡಿ:

1. ವೈಜ್ಞಾನಿಕ ಹೆಸರು ಖಚಿತಪಡಿಸಿಕೊಳ್ಳಿ. ಊರ ಹೆಸರು ಒಂದೇ ಇದ್ದರೂ ಗಿಡ ಬೇರೆ ಇರಬಹುದು.
2. ಮೂಲ ಊರಿನವರು ಯಾವ ಭಾಗ, ಹೇಗೆ ಬೇಯಿಸಿ ತಿಂತಾರೆ ಕೇಳಿ.
3. ಮೊದಲ ಸಲ ಒಂದೆರಡು ತುತ್ತು ಸಾಕು. ಅದೇ ದಿನ ಇನ್ನೊಂದು ಹೊಸ ತರಕಾರಿ ಬೇಡ.
4. ಮಕ್ಕಳ ತಟ್ಟೆಗೆ ಹಾಕುವ ಮುನ್ನ ದೊಡ್ಡವರು ತಿಂದು ನೋಡಿರಲಿ.

ತರಗತಿಗೆ ಒಂದು ಚಟುವಟಿಕೆ: ಕೈಗವಸು ಹಾಕಿಕೊಂಡು ಕೆಸುವಿನ ದಂಟಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ. ಸೂಜಿಗಳ ಕಟ್ಟಿನಂತೆ ಕಾಣುವವು ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಪತ್ರೊಡೆಗೆ ಅಜ್ಜಿ ಹುಳಿ ಹಾಕಿ ಅಷ್ಟು ಹೊತ್ತು ಬೇಯಿಸೋದು ಯಾಕೆ ಅಂತ ಆಗ ಮಕ್ಕಳನ್ನೇ ಕೇಳಿ.