ಮಕ್ಕಳ ಲೋಕಕ್ಕೆ ಸಂಶೋಧಕರ ಪ್ರವೇಶ

ದೊಡ್ಡವರು ಹತ್ತಿರ ಬಂದೊಡನೆ
ಆಟದ ಧಾಟಿಯನ್ನೇ ಬದಲಿಸಿಬಿಡುವ ಮಕ್ಕಳನ್ನು
ಸಂಶೋಧಕರು ಅಧ್ಯಯನ ಮಾಡುವುದಾದರೂ ಹೇಗೆ?

ಜನರ ನಡುವೆಯೇ ಬಹುಕಾಲ ಇದ್ದು,
ಅವರ ನಿತ್ಯಜೀವನವನ್ನು ಕಂಡು ದಾಖಲಿಸುವ ವಿಧಾನಕ್ಕೆ
ಎಥ್ನೋಗ್ರಫಿ ಎಂದು ಹೆಸರು.
ಮಕ್ಕಳ ವಿಷಯದಲ್ಲಿ ಇದಕ್ಕೆ ಅಡ್ಡಿ ಸಂಶೋಧಕರ ವಯಸ್ಸೇ;
ಏಕೆಂದರೆ ಶಾಲೆಯಲ್ಲಿ ದೊಡ್ಡವರೆಂದರೆ
ಪ್ರಶ್ನೆ ಕೇಳುವವರು, ಜಗಳ ಬಿಡಿಸುವವರು, ಗದರುವವರು
ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಕೋರ್ಸಾರೊ
1970ರ ದಶಕದಲ್ಲಿ ಬರ್ಕ್ಲಿಯ ಶಿಶುವಿಹಾರವೊಂದರಲ್ಲಿ,
ಮಕ್ಕಳು ಆಡುವ ಜಾಗಕ್ಕೇ ಹೋಗಿ ಕುಳಿತು,
ತಾವಾಗಿ ಏನನ್ನೂ ಕೇಳದೆ,
ಮಕ್ಕಳೇ ಮಾತನಾಡಿಸುವವರೆಗೆ ಕಾದರು.
ಹೊಸ ಸೊಸೆ ಅತ್ತೆಮನೆಯ ಅಡುಗೆಮನೆಯಲ್ಲಿ
ಮೊದಮೊದಲು ತಾನಾಗಿ ಕೈಹಾಕದೆ,
ಯಾವ ಡಬ್ಬಿ ಎಲ್ಲಿದೆ, ಯಾರ ಮಾತು ನಡೆಯುತ್ತದೆ
ಎಂದು ನೋಡಿಕೊಳ್ಳುವಂಥ ಜಾಣತನವಿದು.
ಕ್ರಮೇಣ ಮಕ್ಕಳು ಅವರನ್ನು ‘ಬಿಗ್ ಬಿಲ್’ ಎಂದು ಕರೆದು
ಆಟಕ್ಕೆ ಸೇರಿಸಿಕೊಂಡರು.

ಮುಂದೆ ಇಟಲಿಯ ಬೊಲೊನ್ಯಾದಲ್ಲಿ
ಅವರ ಹರಕುಮುರುಕು ಇಟಾಲಿಯನ್ ಕೇಳಿ
ಮಕ್ಕಳು ನಕ್ಕರು, ತಿದ್ದಿದರು;
ಮಾತೇ ಸರಿಯಾಗಿ ಬಾರದ ದೊಡ್ಡವರಿಗೆ
ಹೆದರುವ ಪ್ರಮೇಯವಿಲ್ಲವಾದ್ದರಿಂದ
ಆ ಕೊರತೆಯೇ ಸಂಶೋಧನೆಗೆ ಅನುಕೂಲವಾಯಿತು.

ದೇಹದ ಗಾತ್ರವೊಂದನ್ನು ಬಿಟ್ಟು
ದೊಡ್ಡತನವನ್ನೆಲ್ಲ ಕಳಚಿಡಬಹುದು ಎಂದು
ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಮ್ಯಾಂಡೆಲ್ 1988ರಲ್ಲಿ ವಾದಿಸಿದರು.
ಈ ಮಾತು ತುಸು ಅತಿಯೇ;
ಮಗು ಅಪಾಯದಲ್ಲಿರುವಾಗ
ಸಂಶೋಧಕರು ಕೈಕಟ್ಟಿ ಕೂರುವಂತಿಲ್ಲ.

ಇನ್ನು ಒಪ್ಪಿಗೆಯ ವಿಷಯ.
ಪೋಷಕರು ಸಹಿ ಹಾಕಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ;
ಮಗು ಬೆನ್ನು ತಿರುಗಿಸಿ ಕುಳಿತರೆ,
ಇಲ್ಲವೇ ನೋಟ್‌ಬುಕ್ಕಿನ ಮೇಲೆ ಅಂಗೈ ಅಡ್ಡವಿಟ್ಟರೆ,
ಅದನ್ನು ನಿರಾಕರಣೆ ಎಂದೇ ತಿಳಿದು
ಬರೆಯುವುದನ್ನು ನಿಲ್ಲಿಸಬೇಕಾಗುತ್ತದೆ.